ಅರೆಬರೆ ಗಂಟೆಗಳ ಲೆಕ್ಕ

ಸೀರೆಯ ಸೆರಗಿಗೆ ಕುಚ್ಚು ಹಾಕಿಕೊಡುವ ಒಬ್ಬಾಕೆಯಾದರೂ ಇಲ್ಲದ ಬೀದಿ ಈಗ ನಮ್ಮ ಊರುಗಳಲ್ಲಿ ಅಪರೂಪ. ಮಕ್ಕಳನ್ನು ಶಾಲೆಗೆ ಕಳಿಸಿ, ಒಲೆಕಟ್ಟೆ ಒರೆಸಿ, ಸೆರಗು ಹರವಿಕೊಂಡು ಕೂತರೆ ಸಂಜೆಯೊಳಗೆ ಒಂದು ಸೀರೆ ಮುಗಿಯುತ್ತದೆ ಎಂಬುದು ಹೊರಗಿನವರ ಅಂದಾಜು. ಕೂತು ಮಾಡುವವರ ಲೆಕ್ಕ ಬೇರೆ. ಮಣಿ ಸೇರಿಸಿದ ಕ್ರೋಶಾ ಕುಚ್ಚಿಗೆ 500 ರೂಪಾಯಿ ಹೇಳಿದ್ದೀರಿ ಎಂದಿಟ್ಟುಕೊಳ್ಳಿ. ರೇಷ್ಮೆ ದಾರ, ಮಣಿ ಎಲ್ಲ ಸೇರಿ 120 ರೂಪಾಯಿ ಹೋಯಿತು. ಉಳಿದದ್ದು 380. ಕಡ್ಡಿ ಹಿಡಿದು ಕೂತದ್ದು ಆರು ಗಂಟೆ. ಅಂದರೆ ಗಂಟೆಗೆ 63 ರೂಪಾಯಿ. ಪರವಾಗಿಲ್ಲ ಅನ್ನಿಸಬಹುದು. ಆದರೆ ಬಣ್ಣ ಹೊಂದಿಸಲು ದಾರದ ಅಂಗಡಿಗೆ ಹೋಗಿಬಂದದ್ದು, “ಇದು ಬೇಡ, ಇನ್ನೊಂದು ಡಿಸೈನ್ ತೋರಿಸಿ” ಎಂದು ವಾಟ್ಸ್ಆ್ಯಪಿನಲ್ಲಿ ಕಳೆದದ್ದು, ಇಸ್ತ್ರಿ ಮಾಡಿ ಮಡಿಸಿ ತಲುಪಿಸಿದ್ದು ಎಲ್ಲ ಸೇರಿ ಇನ್ನೆರಡು ಗಂಟೆ ಕೂಡಿಸಿದರೆ ಅದು 47 ರೂಪಾಯಿ 50 ಪೈಸೆಗೆ ಇಳಿಯುತ್ತದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ 46 ರೂಪಾಯಿ ಚಿಲ್ಲರೆ. ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಕಸುಬಿಗೆ ಮಣ್ಣು ಹೊರುವ ಕೂಲಿಗಿಂತ ಒಂದೇ ಒಂದು ರೂಪಾಯಿ ಮೇಲು.

ಕುಚ್ಚು ಹಾಕುವವರನ್ನು ಹೆದರಿಸುವುದಕ್ಕಾಗಿ ಇದನ್ನು ಬರೆದದ್ದಲ್ಲ. ಚಟ್ನಿಪುಡಿಯಿರಲಿ, ಹೋಳಿಗೆಯಿರಲಿ, ಬ್ಲೌಸ್ ಹೊಲಿಗೆ, ಆರಿ ವರ್ಕ್, ಯೂಟ್ಯೂಬ್ ಅಡುಗೆ, ಬೀದಿಯ ಮಕ್ಕಳಿಗೆ ಚಿತ್ರಕಲೆಯ ಪಾಠ ಯಾವುದೇ ಇರಲಿ, ಮನೆಯಿಂದ ಶುರುವಾದ ಉದ್ಯಮ ಸೊರಗುವುದು ಹೆಚ್ಚಾಗಿ ತಾಯಿಯ ಹೊತ್ತಿಗೆ ಬೆಲೆಯೇ ಕಟ್ಟದ ಕಾರಣಕ್ಕೆ. ಮನೆಯವರು ಕಟ್ಟುವುದಿಲ್ಲ, ಗಿರಾಕಿ ಕಟ್ಟುವುದಿಲ್ಲ, ಅವರೆಲ್ಲರಿಗಿಂತ ಮೊದಲು ಆಕೆಯೇ ಕಟ್ಟಿಕೊಂಡಿರುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವವರ ಪೈಕಿ, ನಮ್ಮ ದೇಶದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು ಮತ್ತು ಹಿರಿಯರ ಆರೈಕೆಯ ಹೊತ್ತು ಇದರ ಮೇಲೆ ಬೇರೆ. ಹಾಗಾಗಿ ಬೇಗ ಎದ್ದರೆ ಎಲ್ಲಕ್ಕೂ ಸಮಯ ಸಿಗುತ್ತದೆ ಎಂಬ ಉಪದೇಶ ಈ ಲೇಖನದಲ್ಲಿ ಸಿಗುವುದಿಲ್ಲ. ಐದಕ್ಕೆ ಏಳುತ್ತಿರುವವರಿಗೆ ನಾಲ್ಕಕ್ಕೆ ಏಳಿ ಎನ್ನುವುದು ಸಲಹೆಯಲ್ಲ, ಶಿಕ್ಷೆ.

ಕೈಬಿಟ್ಟು ಏಳಬಹುದೇ?

ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎನ್ನುವುದಕ್ಕಿಂತ ಎಂಥ ಹೊತ್ತು ಸಿಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಒಂದು ವಾರ ಇಷ್ಟು ಮಾಡಿ: ಅಡುಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂಬದಿಯಲ್ಲಿ ನೀವು ಕೂತ ಗಳಿಗೆ ಮತ್ತು ಯಾರೋ ಕರೆದು ಎದ್ದ ಗಳಿಗೆ, ಎರಡನ್ನೇ ಬರೆಯಿರಿ. ಏನು ಮಾಡಿದಿರಿ ಎಂದು ಬರೆಯುವುದು ಬೇಡ. ವಾರದ ಕೊನೆಗೆ ನೋಡಿದರೆ ದಿನದಲ್ಲಿ ಒಟ್ಟು ಮೂರು ಗಂಟೆ ಸಿಕ್ಕಿರಬಹುದು. ಆದರೆ ಅದರಲ್ಲಿ ಒಂದೇ ಸಮನೆ ಸಿಕ್ಕಿದ್ದು ನಲವತ್ತು ನಿಮಿಷ, ಮಿಕ್ಕಿದ್ದೆಲ್ಲ ಹತ್ತು, ಹದಿನೈದು, ಏಳು ನಿಮಿಷಗಳ ಚೂರು.

ಈಗ ನಿಮ್ಮ ಕೈಕೆಲಸವನ್ನು ಈ ಚೂರುಗಳ ಪಕ್ಕದಲ್ಲಿಟ್ಟು ನೋಡಿ. ಕೆಲವು ಕೆಲಸಗಳನ್ನು ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು. ಕುಚ್ಚಿನ ಒಂದು ಗೊಂಡೆ ಮುಗಿದರೆ ಅದು ಮುಗಿದಂತೆ; ಮುಂದಿನದನ್ನು ರಾತ್ರಿ ಹಾಕಬಹುದು. ಕೌದಿಯೂ ಹಾಗೆಯೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಉದ್ದಕ್ಕೂ ಓಡುಹೊಲಿಗೆ ಹಾಕುತ್ತ ಹೋಗುವ ಈ ಕೆಲಸದಲ್ಲಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಹೋದರೆ ಏನೂ ಕೆಡುವುದಿಲ್ಲ. ಮನೆ ತುಂಬ ಮಕ್ಕಳಿದ್ದ ಕಾಲದಲ್ಲಿ ಅದು ಅಷ್ಟು ಮನೆಗಳಲ್ಲಿ ನಡೆದದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂಬುದು ನನ್ನ ಊಹೆ.

ಧಾರವಾಡದ ಕಸೂತಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹೊಲಿಗೆ. ಗವಂತಿ ಮತ್ತು ಮುರ್ಗಿಯಲ್ಲಿ ಒಂದು ಸಲ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವಂತಿಲ್ಲ, ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು. “ಅಮ್ಮಾ, ನನ್ನ ಜಾಮಿಟ್ರಿ ಬಾಕ್ಸ್ ಎಲ್ಲಿ?” ಎಂಬ ಒಂದು ಕೂಗಿಗೆ ಎಣಿಕೆ ತಪ್ಪುತ್ತದೆ. ತಪ್ಪಿದ ಎಣಿಕೆ ಹತ್ತು ಹೊಲಿಗೆ ಆದಮೇಲೆ ಗೊತ್ತಾಗುತ್ತದೆ. ಬಿಚ್ಚಬೇಕು. ಎರಡು ವರ್ಷದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಸೂತಿ ಆರ್ಡರ್ ಹಿಡಿಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆ ಕಲೆ ಎಲ್ಲಿಗೂ ಓಡಿಹೋಗುವುದಿಲ್ಲ. ಮಗು ಶಾಲೆಗೆ ಹೋಗುವವರೆಗೆ ತಿಂಗಳಿಗೊಂದು ಕರ್ಚೀಫಿನ ಮೂಲೆಯಲ್ಲಿ ಗೋಪುರವನ್ನೋ ಆನೆಯನ್ನೋ ಮೂಡಿಸಿ ಕೈ ಮರೆಯದಂತೆ ಇಟ್ಟುಕೊಂಡರೆ ಸಾಕು.

ಅಡುಗೆಯಲ್ಲೂ ಇದೇ ವಿಂಗಡಣೆ ನಡೆಯುತ್ತದೆ. ಬೆಲ್ಲದ ಎಳೆಪಾಕ ಯಾರಿಗಾಗಿಯೂ ಕಾಯುವುದಿಲ್ಲ. ಚಿಕ್ಕಿ, ಮೈಸೂರುಪಾಕಿನಂಥವು ಒಂದೇ ಸಮನೆ ಸಿಗುವ ಹೊತ್ತಿಗೆ ಮಾತ್ರ. ಮಾವಿನಕಾಯಿ ಹೆಚ್ಚುವುದು, ಹುಣಸೆ ಬಿಡಿಸುವುದು, ಬೆಳ್ಳುಳ್ಳಿ ಸಿಪ್ಪೆ ತೆಗೆಯುವುದು ಚೂರುಗಳಿಗೆ ಹೇಳಿ ಮಾಡಿಸಿದ್ದು. ಹೋಳಿಗೆಯಂಥ ದೊಡ್ಡ ಕೆಲಸವನ್ನೂ ಒಡೆಯಬಹುದು: ಹೂರಣ ಹಿಂದಿನ ರಾತ್ರಿ, ಕಣಕ ಬೆಳಿಗ್ಗೆ ನಾದಿಟ್ಟರೆ ತಾನಾಗಿ ನೆನೆಯುತ್ತದೆ, ತಟ್ಟಿ ಬೇಯಿಸುವ ಎರಡು ಗಂಟೆ ಮಾತ್ರ ಮಕ್ಕಳು ಮನೆಯಲ್ಲಿಲ್ಲದಾಗ. ಶೇಂಗಾ ಚಟ್ನಿಪುಡಿಯಲ್ಲಿ ಹುರಿಯುವ ಇಪ್ಪತ್ತು ನಿಮಿಷ ಬಿಟ್ಟರೆ ಮಿಕ್ಕಿದ್ದೆಲ್ಲ ಒಡೆದೊಡೆದು ಮಾಡಬಹುದಾದದ್ದು. ಕೆಮ್ಮು, ಉಬ್ಬಸ ಇರುವ ಮಗುವಿದ್ದರೆ ಮೆಣಸಿನಕಾಯಿ ಹುರಿಯುವುದು ಮಗು ಹೊರಗಿರುವಾಗಲೇ ಆಗಬೇಕು. ಸಾಧ್ಯವಾದರೆ ಆ ಒಂದು ಹಂತವನ್ನು ಮನೆಯಿಂದಲೇ ಹೊರಗೆ ಹಾಕಿ, ಗಿರಣಿಯಲ್ಲಿ ಮಾಡಿಸಿ.

ಬರವಣಿಗೆಗೆ ಬಂದರೆ, ಮೊದಲ ಕರಡಿಗೆ ಇಡೀ ಹೊತ್ತು ಬೇಕು, ತಿದ್ದುವುದಕ್ಕೆ ಚೂರು ಸಾಲುತ್ತದೆ. ಹೊಳೆದ ಸಾಲನ್ನು ಪಾತ್ರೆ ತೊಳೆಯುತ್ತಲೇ ಫೋನಿಗೆ ಹೇಳಿಡಬಹುದು. ಕನ್ನಡದ ಧ್ವನಿ ಟೈಪಿಂಗ್ ಈಗ ಸಾಕಷ್ಟು ಸುಧಾರಿಸಿದೆ. ಒತ್ತಕ್ಷರದಲ್ಲಿ ಆಗಾಗ ಎಡವಿದರೂ ವಿಷಯ ಕಳೆದುಹೋಗುವುದಿಲ್ಲ.

ಹೀಗೆ ವಿಂಗಡಿಸಿದಮೇಲೆ ನಿಯಮ ಒಂದೇ. ದಿನದಲ್ಲಿ ಸಿಗುವ ಆ ನಲವತ್ತು ನಿಮಿಷದ ಇಡೀ ಹೊತ್ತಿನಲ್ಲಿ ಬೆಳ್ಳುಳ್ಳಿ ಬಿಡಿಸಬೇಡಿ.

ವರ್ಷದ ಏರಿಳಿತ

ದಿನಕ್ಕಿರುವ ಹಾಗೆ ವರ್ಷಕ್ಕೂ ಒಂದು ನಡೆಯಿದೆ. ಶ್ರಾವಣದ ವರಮಹಾಲಕ್ಷ್ಮಿಗೆ ಮೊದಲಿನ ಮೂರು ವಾರ ಬ್ಲೌಸು, ಕುಚ್ಚು, ಫಾಲ್ ಹೊಲಿಯುವವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅಲ್ಲಿಂದ ಗೌರಿ-ಗಣೇಶ, ದಸರಾ, ದೀಪಾವಳಿಯವರೆಗೆ ಕೆಲಸದ ಮೇಲೆ ಕೆಲಸ. ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲೂ ಇಲ್ಲ. ಆ ತಿಂಗಳುಗಳಲ್ಲಿ ಆರ್ಡರ್ ಬರಲಿಲ್ಲವೆಂದು ಕಂಗಾಲಾಗುವ ಬದಲು ಅವನ್ನು ಮೊದಲೇ ಬೇರೆ ಕೆಲಸಕ್ಕೆಂದು ಬರೆದಿಟ್ಟುಕೊಳ್ಳಿ: ಹೊಸ ಡಿಸೈನ್ ಕಲಿಯುವುದು, ಸ್ಯಾಂಪಲ್ ಮಾಡಿ ಫೋಟೊ ತೆಗೆಯುವುದು, ದಾರ ಮಣಿಗಳನ್ನು ಸಗಟಿನಲ್ಲಿ ತರುವುದು. ಬೆಂಗಳೂರಿನ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಕಡೆ ಹೋಗಿಬರುವುದಕ್ಕೆ 2023ರ ಜೂನ್ 11ರಿಂದ ಜಾರಿಯಲ್ಲಿರುವ, ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಅನೇಕರ ಓಡಾಟದ ಖರ್ಚನ್ನೇ ಇಳಿಸಿದೆ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ.

ಹಪ್ಪಳ ಸಂಡಿಗೆಯ ಕಾಲ ಬೇಸಿಗೆ. ಮಕ್ಕಳಿಗೆ ರಜೆಯೂ ಆಗಲೇ. ಮಾಳಿಗೆಯ ಮೇಲೆ ಕಾಗೆ ಓಡಿಸಲು ಕೈಗಳು ಸಿಗುತ್ತವೆ ಎಂದು ಒಂದು ಲೆಕ್ಕ, ಹಸಿ ಹಿಟ್ಟೇ ಅರ್ಧ ಖಾಲಿಯಾಗುತ್ತದೆ ಎಂದು ಇನ್ನೊಂದು. ದೊಡ್ಡ ಮಗಳಿಗೋ ಮಗನಿಗೋ ಎಸ್ಸೆಸ್ಸೆಲ್ಸಿ ಇರುವ ವರ್ಷ ಫೆಬ್ರುವರಿ, ಮಾರ್ಚಿನಲ್ಲಿ ಹೊಸ ಗಿರಾಕಿಗಳನ್ನು ಹಿಡಿಯಲು ಹೋಗದಿರುವುದು ಒಳ್ಳೆಯದು.

ಮಗುವಿನ ವಯಸ್ಸನ್ನೂ ಹೀಗೇ ನೋಡಬೇಕು. ಹೆರಿಗೆಯಾದ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕುಡಿಯುವ ಕೂಸಿರುವಾಗ ಗಡುವಿರುವ ಯಾವ ಆರ್ಡರನ್ನೂ ಒಪ್ಪಿಕೊಳ್ಳಬೇಡಿ. ಬಾಣಂತನದಲ್ಲಿ ಕೈ ಖಾಲಿ ಇದ್ದಂತೆ ಕಾಣುತ್ತದೆ, ಮನಸ್ಸು ಖಾಲಿ ಇರುವುದಿಲ್ಲ. ವಾರಗಟ್ಟಲೆ ಅಳು, ನಿದ್ದೆಗೇಡು, ಯಾವುದೂ ಬೇಡವೆನ್ನಿಸುವುದು ಇದ್ದರೆ ಅದನ್ನು ಸೋಮಾರಿತನವೆಂದೋ ದೃಷ್ಟಿಯೆಂದೋ ತಳ್ಳಿಹಾಕದೆ ವೈದ್ಯರಿಗೆ ಹೇಳಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಒಂದರಿಂದ ಮೂರು ವರ್ಷದ ಮಗು ಇರುವ ಕಾಲವೇ ಎಲ್ಲಕ್ಕಿಂತ ಕಷ್ಟದ್ದು. ಹಳ್ಳಿಗಳಲ್ಲಿ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ವಿಚಾರಿಸಿ. ಮೂರು ತುಂಬಿದಮೇಲೆ ಅಂಗನವಾಡಿ ಇದೆ.

ಮನೆಯವರ ಜೊತೆ ಮಾತು

ಮನೆಯವರ ಜೊತೆಗಿನ ಈ ಮಾತನ್ನು ಮುಂದೂಡುವವರೇ ಹೆಚ್ಚು. ಆರ್ಡರ್ ಬಂದಮೇಲೆ ಹೇಳಿದರಾಯಿತು ಎಂದುಕೊಂಡರೆ ಆ ದಿನ ಮನೆಯಲ್ಲಿ ಜಗಳವೇ ಆಗುತ್ತದೆ. ಗಂಡನಿಗೆ “ಸ್ವಲ್ಪ ಕೈ ಜೋಡಿಸಿ” ಎಂದು ಕೇಳಿದರೆ ಏನು ಮಾಡಬೇಕೆಂದು ಹೇಳುವ ಕೆಲಸ ಮತ್ತೆ ನಿಮ್ಮದೇ. ಅದರ ಬದಲು ಒಂದು ಕೆಲಸವನ್ನು ಬುಡಸಮೇತ ದಾಟಿಸಿಬಿಡಿ. ಬೆಳಗಿನ ಟಿಫಿನ್ ಬಾಕ್ಸ್ ಅವರದ್ದು ಅಂದರೆ ಏನು ಮಾಡುವುದೆಂದು ಯೋಚಿಸುವುದು, ರಾತ್ರಿಯೇ ಕಾಳು ನೆನೆಹಾಕುವುದು, ಡಬ್ಬಿ ತೊಳೆದಿಡುವುದು ಎಲ್ಲವೂ ಅವರದ್ದು. ಮೊದಲ ಹದಿನೈದು ದಿನ ಚಿತ್ರಾನ್ನವೇ ಬರುತ್ತದೆ. ಬರಲಿ, ಮಕ್ಕಳು ಅದರಿಂದ ಸಾಯುವುದಿಲ್ಲ. ನಡುವೆ ಬಾಯಿ ಹಾಕಿದಿರೋ, ಕೆಲಸ ಮರುದಿನವೇ ನಿಮ್ಮ ಹತ್ತಿರ ವಾಪಸು ಬರುತ್ತದೆ.

ಅತ್ತೆಯವರ ವಿಚಾರ ಇನ್ನೂ ನಾಜೂಕು. ಬಹಳ ಮನೆಗಳಲ್ಲಿ ಉಪ್ಪಿನಕಾಯಿಯ ಹದ ಗೊತ್ತಿರುವುದು ಅವರಿಗೇ. ರುಚಿ ಅವರದ್ದು, ಬ್ರ್ಯಾಂಡ್ ಸೊಸೆಯದ್ದು. ಅವರು ಬಿಡಿಸಿಕೊಟ್ಟ ಬೆಳ್ಳುಳ್ಳಿಗೂ, ತಟ್ಟಿಕೊಟ್ಟ ಹೋಳಿಗೆಗೂ ಕೂಲಿ ಬರೆದು ತಿಂಗಳ ಕೊನೆಗೆ ಅವರ ಕೈಗೆ ಕೊಡಿ. “ಮನೆಯವರಿಗೆಂಥ ದುಡ್ಡು?” ಎಂದು ಮೊದಲ ತಿಂಗಳು ಬೇಡ ಅನ್ನುತ್ತಾರೆ. ಕೊಡಿ. ಹಾಗೆ ಕೊಟ್ಟಾಗ ಮನೆಯಲ್ಲಿ ಗಂಟೆಗೊಂದು ಬೆಲೆಯಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ, ನಿಮ್ಮ ಗಂಟೆಗೂ ಸೇರಿ. ಮಕ್ಕಳಿಗೆ ಲೇಬಲ್ ಅಂಟಿಸುವುದು, ಪೊಟ್ಟಣ ಎಣಿಸುವುದು ಕೊಡಬಹುದು. ಬಿಸಿ ಎಣ್ಣೆ, ಮಿಕ್ಸಿ, ಸೀಲಿಂಗ್ ಮಷಿನ್ ಹತ್ತಿರ ಬೇಡ.

ನೆರೆಹೊರೆಯಲ್ಲಿ ಇನ್ನೊಂದು ಕಾಟ. “ನೀನು ಮನೇಲೇ ಇರ್ತೀಯಲ್ಲ, ನಮ್ಮ ಪಾರ್ಸಲ್ ಬಂದ್ರೆ ಇಸ್ಕೊಂಡಿರು”, “ನಮ್ಮವಳೇ ಅಲ್ವಾ, ಐವತ್ತು ಕಡಿಮೆ ಮಾಡು”. ಪಾರ್ಸಲಿಗೆ ಹೂಂ ಅನ್ನಬಹುದು. ಐವತ್ತಕ್ಕೆ ಬಾಯಿಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಆದ್ದರಿಂದ ದರಪಟ್ಟಿಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ, ವಾಟ್ಸ್ಆ್ಯಪ್ ಬಿಸಿನೆಸ್ಸಿನ ಕ್ಯಾಟಲಾಗಿನಲ್ಲೂ ಹಾಕಿ. ಬಿಡಲೇಬೇಕಾದವರಿಗೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ಇಷ್ಟು ಎಂದು ಕಾಣಿಸಿ ಬಿಡಿ. ಮುಂದಿನ ಸಲ ಅದೇ ಕಡಿಮೆ ದರ ಮೂಲ ದರವಾಗಿ ನಿಲ್ಲುವುದಿಲ್ಲ.

ದರ ಹೇಗೆ ಕಟ್ಟುವುದು

ಮೇಲಿನ ಕುಚ್ಚಿಗೇ ವಾಪಸು ಹೋಗೋಣ. ನಿಮ್ಮ ಗಂಟೆಗೆ 80 ರೂಪಾಯಿ ಎಂದು ತೀರ್ಮಾನಿಸಿದ್ದೀರಿ ಎನ್ನಿ. ಎಂಟು ಗಂಟೆಗೆ 640, ಸಾಮಗ್ರಿ 120, ಒಟ್ಟು 760. ನಿಮ್ಮ ಬೀದಿಯಲ್ಲಿ ಆ ಡಿಸೈನಿಗೆ 500ರ ಮೇಲೆ ಯಾರೂ ಕೊಡುವುದಿಲ್ಲ. ಹಾಗೆಂದು ಗಂಟೆಯ ದರ ಇಳಿಸುವುದಲ್ಲ, ಗಂಟೆಗಳನ್ನು ಇಳಿಸಬೇಕು. ಇಪ್ಪತ್ತು ಡಿಸೈನ್ ಬದಲು ಐದೇ ಇಟ್ಟರೆ ಕೈ ಓಡುತ್ತದೆ, ಚರ್ಚೆ ಕಡಿಮೆಯಾಗುತ್ತದೆ. ನಾಲ್ಕೈದು ಸೀರೆಗೆ ಒಟ್ಟಿಗೆ ದಾರ ತಂದರೆ ಅಂಗಡಿಗೆ ಓಡಾಟ ಉಳಿಯುತ್ತದೆ. ಸೀರೆ ಕೊಡುವುದು ತೆಗೆದುಕೊಳ್ಳುವುದು ಶನಿವಾರ ಮಾತ್ರ, ಅವರೇ ಬರಬೇಕು. ಎಂಟು ಗಂಟೆ ಐದಕ್ಕಿಳಿದರೆ 400ಕ್ಕೆ 120 ಸೇರಿ 520. ಅಲ್ಲಿಗೆ 500ಕ್ಕೆ ಕೊಟ್ಟರೂ ನಷ್ಟವೆನ್ನಿಸುವುದಿಲ್ಲ. ಐದಕ್ಕೂ ಇಳಿಯದಿದ್ದರೆ ಆ ಡಿಸೈನನ್ನು ಪಟ್ಟಿಯಿಂದ ತೆಗೆಯಿರಿ, ಎಷ್ಟೇ ಚೆನ್ನಾಗಿರಲಿ.

ತಿಂಡಿ ತಿನಿಸಿನವರು ತೂಕದಲ್ಲಿ ಮೋಸಹೋಗುತ್ತಾರೆ, ಅದೂ ತಮ್ಮಿಂದಲೇ. ಒಂದು ಕಿಲೊ ಶೇಂಗಾ ಹುರಿದು ಸಿಪ್ಪೆ ತೂರಿದಮೇಲೆ ಒಂದು ಕಿಲೊ ಇರುವುದಿಲ್ಲ. ಕೊನೆಗೆ ಪೊಟ್ಟಣಕ್ಕೆ ತುಂಬಿದ ತೂಕದ ಮೇಲೆ ಲೆಕ್ಕ ಹಾಕಿ. ಗ್ಯಾಸಿನ ಸಿಲಿಂಡರ್ ಮನೆಯದ್ದೇ ಎಂದು ಬಿಡಬೇಡಿ. ಒಡೆದದ್ದು, ಸೀದದ್ದು, ರುಚಿ ನೋಡಲೆಂದು ಕೊಟ್ಟದ್ದು ಸೇರಿ ಹತ್ತರಲ್ಲೊಂದು ಪಾಲು ಹೋಗುತ್ತದೆಂದು ಮೊದಲೇ ಹಿಡಿದುಕೊಳ್ಳಿ. ಹೇಳಿ ಮಾಡಿಸುವ ಕೆಲಸಕ್ಕೆ ಅರ್ಧ ಮುಂಗಡ ಇಲ್ಲದೆ ಸೂಜಿ ಹಿಡಿಯಬೇಡಿ. ಉದ್ರಿ ಕೊಡುವ ಶಕ್ತಿ ದೊಡ್ಡ ಅಂಗಡಿಯವರಿಗಿದೆ, ನಿಮಗಿಲ್ಲ.

ಕಾಗದ ಪತ್ರ, ಬ್ಯಾಂಕು

ಈ ಭಾಗ ಬೇಸರದ್ದು, ಆದರೆ ಒಂದೆರಡು ಮಧ್ಯಾಹ್ನದಲ್ಲಿ ಮುಗಿಯುವಂಥದ್ದು. ತಿನ್ನುವ ಯಾವುದನ್ನೇ ಮಾರಿದರೂ, ಮನೆಯ ಅಡುಗೆಮನೆಯಲ್ಲೇ ಮಾಡಿದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ತಯಾರಕರ ನೋಂದಣಿಗೆ ಫಾಸ್ಕೋಸ್ ಪೋರ್ಟಲಿನಲ್ಲಿ ಅರ್ಜಿ. ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ತಯಾರಕರೆಂದರೆ ಎಷ್ಟು ವಹಿವಾಟಿನವರೆಗೆ ಎಂಬ ಮಿತಿಯನ್ನು ಅರ್ಜಿ ಹಾಕುವ ದಿನ ಅಲ್ಲೇ ನೋಡಿಕೊಳ್ಳಿ. ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಅದರ ಜೊತೆಗೆ ಏನೇನು ಹಾಕಿದ್ದೀರಿ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನ ಇರುತ್ತದೆ, ಬೆಲೆ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಶೇಂಗಾ, ಎಳ್ಳು ಇದ್ದರೆ ದಪ್ಪಕ್ಷರದಲ್ಲಿ ಬರೆಯಿರಿ. ಅಲರ್ಜಿ ಇರುವ ಮಕ್ಕಳ ತಾಯಂದಿರು ಮೊದಲು ಹುಡುಕುವುದು ಅದನ್ನೇ.

ಉದ್ಯಮ್ ನೋಂದಣಿ 2020ರ ಜುಲೈಯಿಂದ ಇದೆ, ಆಧಾರ್ ಮತ್ತು ಪ್ಯಾನ್ ಬೇಕು, ಪೂರ್ತಿ ಉಚಿತ. ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಸಾವಿರಾರು ರೂಪಾಯಿ ಕೇಳುವ ಖಾಸಗಿ ತಾಣಗಳು. ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಕೊನೆಯಾಗದಿದ್ದರೆ ಮುಂದೆ ಹೋಗಬೇಡಿ.

ಜಿಎಸ್‌ಟಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟುವವರೆಗೆ ಕಡ್ಡಾಯವಲ್ಲ. ಅದು ನಮಗೆ ಬಹುದೂರದ ಮಾತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 2025ರ ಜುಲೈಯಲ್ಲಿ ಏನಾಯಿತು ನೆನಪಿಸಿಕೊಳ್ಳಿ: ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದಿನ ಕ್ಯೂಆರ್ ಹಾಳೆ ಮಾಯವಾಗಿ, ನಗದು ಮಾತ್ರ ಎಂಬ ಬೋರ್ಡ್ ಬಂತು. ಅಲ್ಲಿಂದ ಕಲಿಯಬೇಕಾದದ್ದು ಯುಪಿಐ ಬಿಡುವುದನ್ನಲ್ಲ. ಚೀಟಿಯ ದುಡ್ಡು, ತವರಿನಿಂದ ಬಂದದ್ದು, ಗಂಡ ಹಾಕಿದ್ದು, ಗೃಹಲಕ್ಷ್ಮಿಯ 2,000, ಗಿರಾಕಿ ಕೊಟ್ಟದ್ದು ಎಲ್ಲ ಒಂದೇ ಖಾತೆಗೆ ಬಿದ್ದರೆ ವ್ಯಾಪಾರ ಎಷ್ಟು, ಸಂಸಾರ ಎಷ್ಟು ಎಂದು ಯಾರಿಗೂ ಬಿಡಿಸಿ ತೋರಿಸಲಾಗುವುದಿಲ್ಲ. ನಿಮಗೇ ಗೊತ್ತಾಗುವುದಿಲ್ಲ. ಇನ್ನೊಂದು ಉಳಿತಾಯ ಖಾತೆ ತೆರೆದು, ಕ್ಯೂಆರ್ ಅದಕ್ಕೇ ಜೋಡಿಸಿ. ಸಾಮಗ್ರಿಯೂ ಅದರಿಂದಲೇ. ತಿಂಗಳಿಗೊಂದು ದಿನ ನಿಮ್ಮ ಸಂಬಳವೆಂದು ಒಂದು ಮೊತ್ತವನ್ನು ಅಲ್ಲಿಂದ ನಿಮ್ಮ ಖಾತೆಗೆ ಹಾಕಿಕೊಳ್ಳಿ, ಐನೂರಾದರೂ ಸರಿ. ವ್ಯಾಪಾರ ಬೆಳೆದಮೇಲೆ ಚಾಲ್ತಿ ಖಾತೆಗೆ ಬದಲಾಯಿಸಿಕೊಳ್ಳಬಹುದು.

ಸಾಲದ ವಿಚಾರದಲ್ಲಿ ನನ್ನ ಮಾತು ಸ್ವಲ್ಪ ಒರಟಾಗಿದೆ. ಆರ್ಡರ್ ಪುಸ್ತಕ ತುಂಬುವ ಮೊದಲು ಡೀಪ್ ಫ್ರೀಜರ್ ಕೊಳ್ಳಬೇಡಿ. ವಾರದ ಕಂತಿನ ಮೈಕ್ರೊಫೈನಾನ್ಸ್ ಸಾಲದಲ್ಲಿ ಅಂತೂ ಕೊಳ್ಳಲೇಬೇಡಿ. 2025ರ ಆರಂಭದಲ್ಲಿ ವಸೂಲಿ ಕಿರುಕುಳ ತಡೆಯಲು ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತೆಂದರೆ ಆ ಕಂತುಗಳ ಬಿಸಿ ಎಂಥದ್ದೆಂದು ಊಹಿಸಿ. ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ‘ಶಿಶು’ ಸಾಲ 50,000 ರೂಪಾಯಿವರೆಗೆ ಜಾಮೀನು ಆಸ್ತಿಯಿಲ್ಲದೆ ಸಿಗುತ್ತದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ಹೊಲಿಗೆ, ಹೂಮಾಲೆ ಕಟ್ಟುವುದು, ಬುಟ್ಟಿ-ಚಾಪೆ, ಗೊಂಬೆ-ಆಟಿಕೆ ಸೇರಿವೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000ದವರೆಗಿನ ವೋಚರ್. ಒಂದು ಕುಟುಂಬಕ್ಕೆ ಒಬ್ಬರಿಗೇ. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ ಬ್ಯಾಂಕ್ ಸಾಲಕ್ಕೆ ಸಹಾಯಧನವಿದೆ, ಆದಾಯ ಮಿತಿಯೂ ಇದೆ; ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ.

ತರಬೇತಿ ಬೇಕೆಂದರೆ ರುಡ್‌ಸೆಟ್ ಹೆಸರು ಕೇಳಿರುತ್ತೀರಿ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಆ ಸಂಸ್ಥೆಯ ಮಾದರಿಯಲ್ಲೇ ಮುಂದೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಸ್ವಉದ್ಯೋಗ ತರಬೇತಿ ಕೇಂದ್ರ ತೆರೆದವು. ಊಟ, ವಸತಿ, ಪಾಠ ಎಲ್ಲ ಉಚಿತ. ಕೊರತೆ ಒಂದೇ: ಪುಟ್ಟ ಮಗು ಇರುವಾಕೆಗೆ ವಾರಗಟ್ಟಲೆ ಅಲ್ಲೇ ಉಳಿಯುವುದು ಆಗದ ಮಾತು. ಮನೆಯಿಂದ ಓಡಾಡಲು ಬಿಡುತ್ತೀರಾ, ನಮ್ಮ ಊರಿನಲ್ಲೇ ಶಿಬಿರ ಮಾಡುತ್ತೀರಾ ಎಂದು ಸ್ವಸಹಾಯ ಸಂಘದ ಹತ್ತಿಪ್ಪತ್ತು ಮಂದಿ ಒಟ್ಟಾಗಿ ಕೇಳಿದರೆ ಒಬ್ಬರೇ ಕೇಳುವುದಕ್ಕಿಂತ ಕೆಲಸವಾಗುತ್ತದೆ.

ಮಾರಾಟಕ್ಕಿಲ್ಲದ್ದು

ಕೈಕೆಲಸ ಕಾಸಾಗತೊಡಗಿದಮೇಲೆ ಬರುವ ಒಂದು ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಖುಷಿಗೆಂದು ಹಿಡಿದ ಸೂಜಿ ಗಡುವಿಗೆಂದು ಹಿಡಿಯುವಂತಾಗಿ, ಅದನ್ನು ಕಂಡರೆ ಬೇಸರ ಬರುತ್ತದೆ. ಅದಕ್ಕೆ ನನ್ನ ಸಲಹೆ, ಒಂದನ್ನು ಮಾರದೆ ಇಟ್ಟುಕೊಳ್ಳಿ. ಬ್ಲೌಸ್ ಹೊಲಿಯುವವರು ರಂಗೋಲಿಯನ್ನು, ಹೋಳಿಗೆ ಮಾಡುವವರು ಹಾಡನ್ನು, ಕುಚ್ಚು ಹಾಕುವವರು ಕಥೆಯನ್ನು. ಅದಕ್ಕೆ ದರಪಟ್ಟಿ ಬೇಡ, ರೀಲೂ ಬೇಡ. ರೀಲ್ ಮಾಡುವುದೇ ನಿಮ್ಮ ಉದ್ಯಮವಾಗಿದ್ದರೆ ಮಗುವಿನ ಶಾಲೆಯ ಸಮವಸ್ತ್ರ, ಬ್ಯಾಡ್ಜ್, ಮನೆಯ ದಾರಿ ಕಾಣದಂತೆ ನೋಡಿಕೊಳ್ಳಿ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು ಮತ್ತು ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆ (ಅಥವಾ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ) ಬೇಕು. ಆ ದುಡ್ಡನ್ನು ನಂಬಿ ಶಾಲೆಯ ಫೀಸು ಲೆಕ್ಕ ಹಾಕುವಂತಿಲ್ಲ.

ಬರೆಯುವ ಆಸೆ ಇರುವ ತಾಯಂದಿರು ತಡವಾಯಿತೆಂದು ಕೊರಗುವುದನ್ನು ಕೇಳಿದಾಗ ನನಗೆ ಎಂ.ಕೆ. ಇಂದಿರಾ ನೆನಪಾಗುತ್ತಾರೆ. 1917ರಲ್ಲಿ ಹುಟ್ಟಿದ ಅವರಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಶಾಲೆ ಅಲ್ಲಿಗೇ ನಿಂತಿತು. ಅವರು ಕಾದಂಬರಿ ಬರೆಯತೊಡಗಿದ್ದು ನಲವತ್ತೈದರ ಹೊತ್ತಿಗೆ. ‘ತುಂಗಭದ್ರ’ 1963ರಲ್ಲಿ ಬಂತು, ‘ಫಣಿಯಮ್ಮ’ 1976ರಲ್ಲಿ. ಸಾರಾ ಅಬೂಬಕ್ಕರ್ ನಾಲ್ವರು ಗಂಡುಮಕ್ಕಳನ್ನು ಬೆಳೆಸಿದಮೇಲೆ, 1980ರ ದಶಕದಲ್ಲಿ, ‘ಚಂದ್ರಗಿರಿಯ ತೀರದಲ್ಲಿ’ ಬರೆದರು; ಮುಂದೆ ಚಂದ್ರಗಿರಿ ಪ್ರಕಾಶನವನ್ನೂ ಕಟ್ಟಿದರು. ಹಾಸನದ ಬಾನು ಮುಷ್ತಾಕ್ ವಕೀಲರು, ತಾಯಿ. ಹೆರಿಗೆಯ ನಂತರದ ಖಿನ್ನತೆ ಸಾವಿನ ಅಂಚಿಗೆ ತಳ್ಳಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ದೀಪಾ ಭಾಸ್ತಿ ಅನುವಾದಿಸಿದ ಅವರ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆಯಿತಷ್ಟೆ. ಅದರಲ್ಲಿರುವುದು 12 ಕಥೆಗಳು, 1990ರಿಂದ 2023ರವರೆಗಿನ ಬರವಣಿಗೆಯಿಂದ ಆರಿಸಿದವು. ಈ ಮೂವರೂ ಅಸಾಧಾರಣರು, ಅವರ ಹಾಗೆ ಎಲ್ಲರಿಗೂ ಆಗುತ್ತದೆ ಎನ್ನುವುದು ಸುಳ್ಳು ಸಮಾಧಾನ. ನೋಡಬೇಕಾದದ್ದು ವೇಗವನ್ನು: ಈ ಕೆಲಸ ತಿಂಗಳ ಗುರಿಗಳಲ್ಲಿ ನಡೆಯುವುದಲ್ಲ.

ಒಂದು ಕಥೆ ಬರೆದು ಮುಗಿಸಿದ್ದೀರಿ, ಕಳಿಸುವುದು ಎಲ್ಲಿಗೆ? ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯ ಪ್ರಕಟಣೆ ಸಾಮಾನ್ಯವಾಗಿ ಹಬ್ಬಕ್ಕೆ ಕೆಲವು ತಿಂಗಳು ಮೊದಲೇ ಬರುತ್ತದೆ. ಪದಮಿತಿ ಓದಿ, ಅದಕ್ಕೆ ತಕ್ಕಂತೆ ಕತ್ತರಿಸಿ. ನುಡಿ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ಎಂದು ಕೇಳಿರುತ್ತಾರೆ, ಫೋನಿನಲ್ಲಿ ಟೈಪಿಸಿದ್ದು ಯೂನಿಕೋಡೇ. ಹೆಸರು, ವಿಳಾಸವನ್ನು ಕಥೆಯ ಹಾಳೆಯಲ್ಲಿ ಬರೆಯಬಾರದೆಂದು ಕೆಲವರು ಹೇಳುತ್ತಾರೆ, ಬೇರೆ ಹಾಳೆಯಲ್ಲಿ ಕೊಡಿ. ಸ್ವಂತದ್ದು, ಎಲ್ಲೂ ಪ್ರಕಟವಾಗಿಲ್ಲ ಎಂಬ ಮುಚ್ಚಳಿಕೆ ಇರುತ್ತದೆ. ಫೇಸ್‌ಬುಕ್ಕಿನಲ್ಲಿ ಹಾಕಿದ ಕಥೆಯನ್ನೂ ಪ್ರಕಟವಾದದ್ದೆಂದೇ ಎಣಿಸುವವರಿದ್ದಾರೆ. ಆದ್ದರಿಂದ ಕಳಿಸಬೇಕೆಂದಿರುವ ಕಥೆಯನ್ನು ಮನೆಯವರಿಗೋ ಒಬ್ಬ ಗೆಳತಿಗೋ ಓದಿ ಹೇಳಿ, ಗೋಡೆಗೆ ಹಾಕಬೇಡಿ. ಕಳಿಸಿದ ಪ್ರತಿಯನ್ನು ನಿಮ್ಮ ಇಮೇಲಿಗೂ ಒಂದು ಕಳಿಸಿಕೊಂಡಿಡಿ, ಫೋನು ಮಕ್ಕಳ ಕೈಯಲ್ಲಿರುವ ಮನೆಗಳಲ್ಲಿ ಡಿಲೀಟ್ ಆಗುವುದು ಹೊಸತಲ್ಲ.